ಜೊಲ್ಲು ಗ್ರಂಥಿಯ ಕ್ಯಾನ್ಸರಿಗೆ 'ಹೊಸ ಮಾತ್ರೆ': ಯಾರಿಗೆ ಕೆಲಸ ಮಾಡುತ್ತದೆ, ಯಾರಿಗೆ ಮಾಡುವುದಿಲ್ಲ?

"ಕ್ಯಾನ್ಸರಿಗೆ ಕೊನೆಗೂ ಔಷಧ ಸಿಕ್ಕಿತು. ಆಪರೇಷನ್ ಬೇಡ, ಕಿಮೋ ಬೇಡ. ಎಲ್ಲರಿಗೂ ಕಳಿಸಿ, ಒಂದು ಜೀವ ಉಳಿಯಲಿ." ಈ ಧಾಟಿಯ ಸಂದೇಶ ನಿಮ್ಮ ಮೊಬೈಲಿಗೂ ಒಂದಲ್ಲ ಒಂದು ಸಲ ಬಂದಿರುತ್ತದೆ. 2022ರ ಜೂನ್ ತಿಂಗಳಲ್ಲಿ ಇಂಥ ಸಂದೇಶಗಳು ಜೋರಾಗಿ ಓಡಾಡಿದವು. ನ್ಯೂಯಾರ್ಕಿನಲ್ಲಿ ಡೋಸ್ಟಾರ್ಲಿಮ್ಯಾಬ್ ಎಂಬ ಔಷಧ ಪಡೆದ 12 ರೋಗಿಗಳಲ್ಲಿ ಗುದನಾಳದ ಗಡ್ಡೆ ಪೂರ್ತಿ ಕಾಣೆಯಾಗಿತ್ತು.

ಆ ಸುದ್ದಿ ಸುಳ್ಳಲ್ಲ. ಆದರೆ ಆ 12 ಜನರ ಗಡ್ಡೆಯಲ್ಲೂ ಒಂದೇ ಬಗೆಯ ದೋಷವಿತ್ತು. ಡಿಎನ್‌ಎಯಲ್ಲಿ ಆಗುವ ತಪ್ಪುಗಳನ್ನು ತಿದ್ದುವ ವ್ಯವಸ್ಥೆ ಅವರ ಕ್ಯಾನ್ಸರ್ ಕೋಶಗಳಲ್ಲಿ ಕೆಟ್ಟಿತ್ತು. ಗುದನಾಳದ ಕ್ಯಾನ್ಸರ್ ಇರುವ ನೂರು ಜನರಲ್ಲಿ ಈ ದೋಷ ಕಾಣುವುದು 5ರಿಂದ 10 ಮಂದಿಯಲ್ಲಿ ಮಾತ್ರ. ಗ್ರೂಪಿನಿಂದ ಗ್ರೂಪಿಗೆ ಹೋಗುವಷ್ಟರಲ್ಲಿ ಆ ಸಾಲು ಬಿದ್ದುಹೋಗಿ, "ಕ್ಯಾನ್ಸರ್ ಮಾಯ" ಎಂಬುದಷ್ಟೇ ಉಳಿಯಿತು.

ಬಿದ್ದುಹೋಗುವ ಆ ಒಂದು ಸಾಲಿನ ಬೆಲೆ ಎಷ್ಟು ಎಂಬುದು ಜೊಲ್ಲು ಗ್ರಂಥಿಯ ಕ್ಯಾನ್ಸರಿನಲ್ಲಿ ಚೆನ್ನಾಗಿ ಕಾಣುತ್ತದೆ. ಇದು ಅಪರೂಪದ ಕಾಯಿಲೆ. ಇದರ ಕೆಲವು ಬಗೆಗಳಿಗೆ ನಿಜಕ್ಕೂ ಒಳ್ಳೆಯ ಹೊಸ ಔಷಧಗಳು ಬಂದಿವೆ, ಇನ್ನು ಕೆಲವಕ್ಕೆ ಬಂದಿಲ್ಲ. ನಿಮ್ಮದು ಯಾವ ಬಗೆ ಎಂದು ಹೇಳುವುದು ಪರೀಕ್ಷೆಯ ವರದಿ. ಹಾಗಾಗಿ ಇಲ್ಲಿ ಮೊದಲು ಕೇಳಬೇಕಾದ್ದು "ಯಾವ ಮಾತ್ರೆ?" ಎಂದಲ್ಲ, "ವರದಿಯಲ್ಲಿ ಏನಿದೆ?" ಎಂದು.

ಜೊಲ್ಲು ಗ್ರಂಥಿ ಎಲ್ಲಿದೆ?

ಶಾಲೆಯ ಪುಸ್ತಕದಲ್ಲಿ ಲಾಲಾರಸ ಗ್ರಂಥಿ ಎಂದು ಓದಿದ್ದು ಇದನ್ನೇ. ದೊಡ್ಡವು ಮೂರು ಜೊತೆ. ಒಂದು ಜೊತೆ ಎರಡೂ ಕಿವಿಗಳ ಮುಂದೆ, ಕೆಳಗೆ. ಇನ್ನೊಂದು ದವಡೆಯ ಕೆಳಗೆ. ಮೂರನೆಯದು ನಾಲಿಗೆಯ ಕೆಳಗೆ. ಇವಲ್ಲದೆ ತುಟಿ, ಅಂಗಳು, ಕೆನ್ನೆಯ ಒಳಪದರ, ಗಂಟಲುಗಳಲ್ಲಿ ಕಣ್ಣಿಗೆ ಕಾಣದಷ್ಟು ಸಣ್ಣ ಗ್ರಂಥಿಗಳು ನೂರಾರು ಇವೆ. ಇವುಗಳಲ್ಲಿ ಎಲ್ಲಿ ಬೇಕಾದರೂ ಗಡ್ಡೆ ಬೆಳೆಯಬಹುದು.

ಕಿವಿಯ ಕೆಳಗೆ ಊತ ಕಂಡರೆ ನಮ್ಮಲ್ಲಿ ಮೊದಲು ನೆನಪಾಗುವುದು ಮಂಗನಬಾವು. ಮಂಗನಬಾವು ವೈರಸ್ಸಿನಿಂದ ಬರುತ್ತದೆ. ಜ್ವರ, ನೋವು ಇರುತ್ತದೆ, ಹೆಚ್ಚಾಗಿ ಎರಡೂ ಕಡೆ ಊದುತ್ತದೆ, ವಾರ ಹತ್ತು ದಿನಗಳಲ್ಲಿ ಇಳಿಯುತ್ತದೆ. ಊಟಕ್ಕೆ ಕೂತಾಗ ಊದಿ, ಆಮೇಲೆ ಇಳಿದರೆ ಅದು ಗ್ರಂಥಿಯ ನಾಳದಲ್ಲಿ ಕಲ್ಲು ಸಿಕ್ಕಿಕೊಂಡಿರುವ ಲಕ್ಷಣ. ಗಡ್ಡೆಯ ರೀತಿ ಬೇರೆ. ಒಂದೇ ಕಡೆ ಇರುತ್ತದೆ, ಎಷ್ಟೋ ಸಲ ನೋವೇ ಇರುವುದಿಲ್ಲ, ವಾರಗಳು ಕಳೆದರೂ ಇಳಿಯುವುದಿಲ್ಲ.

ಇಲ್ಲಿ ಒಂದು ಸಮಾಧಾನದ ಮಾತು. ಕಿವಿಯ ಮುಂದಿನ ಗ್ರಂಥಿಯಲ್ಲಿ ಬರುವ ಹತ್ತು ಗಡ್ಡೆಗಳಲ್ಲಿ ಸುಮಾರು ಎಂಟು ಕ್ಯಾನ್ಸರ್ ಅಲ್ಲ. ಆದರೆ ಗ್ರಂಥಿ ಚಿಕ್ಕದಾದಷ್ಟೂ ಲೆಕ್ಕ ತಿರುಗುತ್ತದೆ. ದವಡೆಯ ಕೆಳಗಿನ ಗ್ರಂಥಿಯ ಗಡ್ಡೆಗಳಲ್ಲಿ ಹೆಚ್ಚುಕಡಿಮೆ ಅರ್ಧ, ಬಾಯಿಯೊಳಗಿನ ಸಣ್ಣ ಗ್ರಂಥಿಗಳ ಗಡ್ಡೆಗಳಲ್ಲಿ ಇನ್ನೂ ಹೆಚ್ಚು ಪಾಲು ಕ್ಯಾನ್ಸರ್ ಆಗಿರುತ್ತವೆ.

ತಡಮಾಡಬಾರದ ಲಕ್ಷಣಗಳು ಇವು: ಗಡ್ಡೆ ಇದ್ದ ಕಡೆಯ ಮುಖ ಸೊಟ್ಟಗಾಗುವುದು, ಕಣ್ಣು ಪೂರ್ತಿ ಮುಚ್ಚಲು ಆಗದಿರುವುದು, ಜೋಮು ಹಿಡಿಯುವುದು, ಗಡ್ಡೆ ಬೇಗ ಬೇಗ ದೊಡ್ಡದಾಗುವುದು, ಕುತ್ತಿಗೆಯಲ್ಲಿ ಇನ್ನೊಂದು ಗಂಟು ಕಾಣಿಸುವುದು. ಮುಖದ ಸ್ನಾಯುಗಳನ್ನು ಆಡಿಸುವ ನರ ಕಿವಿಯ ಮುಂದಿನ ಗ್ರಂಥಿಯ ಒಳಗಿನಿಂದಲೇ ಹಾದುಹೋಗುತ್ತದೆ. ಅದಕ್ಕೇ ಮುಖ ಸೊಟ್ಟಗಾದಾಗ "ಲಕ್ವ ಹೊಡೆದಿದೆ, ಎಣ್ಣೆ ಹಚ್ಚೋಣ" ಎಂದು ಕೂರಬಾರದು. ನಿಜವಾಗಿ ಲಕ್ವವೇ ಆಗಿದ್ದರೂ ಆಸ್ಪತ್ರೆಗೆ ಓಡಬೇಕಾದ್ದೇ.

"ನಾನು ತಂಬಾಕು ಮುಟ್ಟಿಲ್ಲ, ನನಗೆ ಹೇಗೆ ಬರುತ್ತದೆ?"

ಬಾಯಿ ಕ್ಯಾನ್ಸರಿಗೆ ತಂಬಾಕು, ಗುಟ್ಕಾ, ಅಡಿಕೆ ದೊಡ್ಡ ಕಾರಣ. ಅದರಲ್ಲಿ ಅನುಮಾನವಿಲ್ಲ. ಆದರೆ ಜೊಲ್ಲು ಗ್ರಂಥಿಯ ಕ್ಯಾನ್ಸರ್ ಬೇರೆಯೇ ಕಾಯಿಲೆ. ಇದಕ್ಕೂ ತಂಬಾಕಿಗೂ ಅಂಥ ಗಟ್ಟಿ ನಂಟು ಕಂಡುಬಂದಿಲ್ಲ. ಖಚಿತವಾಗಿ ಗೊತ್ತಿರುವ ಕಾರಣ ವಿಕಿರಣ. ಹಿರೋಷಿಮಾ, ನಾಗಸಾಕಿಯಲ್ಲಿ ಬಾಂಬಿನಿಂದ ಬದುಕಿ ಉಳಿದವರಲ್ಲಿ ಮತ್ತು ಹಿಂದೆ ತಲೆ, ಕುತ್ತಿಗೆಗೆ ವಿಕಿರಣ ಚಿಕಿತ್ಸೆ ಪಡೆದವರಲ್ಲಿ ಇದು ಹೆಚ್ಚು ಕಂಡಿದೆ. ಬಹುಪಾಲು ರೋಗಿಗಳಲ್ಲಿ ಯಾವ ಕಾರಣವೂ ಸಿಗುವುದಿಲ್ಲ. "ನಿನ್ನ ಚಟದಿಂದಲೇ ಬಂತು" ಎಂದು ರೋಗಿಯನ್ನು ದೂರುವುದಕ್ಕೂ, "ನನಗೆ ಚಟವಿಲ್ಲ, ಹಾಗಾಗಿ ಇದು ಕ್ಯಾನ್ಸರ್ ಅಲ್ಲ" ಎಂದು ಸುಮ್ಮನಿರುವುದಕ್ಕೂ ಆಧಾರವಿಲ್ಲ.

ಒಂದು ಹೆಸರು, ಇಪ್ಪತ್ತಕ್ಕೂ ಹೆಚ್ಚು ಕಾಯಿಲೆ

ಜೊಲ್ಲು ಗ್ರಂಥಿಯ ಕ್ಯಾನ್ಸರ್ ಒಟ್ಟು ಕ್ಯಾನ್ಸರುಗಳಲ್ಲಿ ನೂರಕ್ಕೆ ಒಂದಕ್ಕಿಂತ ಕಡಿಮೆ. ಅಷ್ಟು ಸಣ್ಣ ಗುಂಪಿನೊಳಗೇ ವಿಶ್ವ ಆರೋಗ್ಯ ಸಂಸ್ಥೆಯ ಪಟ್ಟಿಯಲ್ಲಿ ಇಪ್ಪತ್ತಕ್ಕೂ ಹೆಚ್ಚು ಬಗೆಗಳಿವೆ. ಕೆಲವು ಹತ್ತಾರು ವರ್ಷ ನಿಧಾನವಾಗಿ ಬೆಳೆಯುತ್ತವೆ, ಕೆಲವು ಕೆಲವೇ ತಿಂಗಳಲ್ಲಿ ಹರಡುತ್ತವೆ.

ಬಗೆ ಯಾವುದೇ ಇರಲಿ, ಗಡ್ಡೆ ಒಂದೇ ಜಾಗದಲ್ಲಿದ್ದರೆ ಮೊದಲ ಚಿಕಿತ್ಸೆ ಆಪರೇಷನ್. ಬೇಕಾದವರಿಗೆ ಅದರ ನಂತರ ರೇಡಿಯೇಷನ್. ಇದು ಇವತ್ತಿಗೂ ಬದಲಾಗಿಲ್ಲ. ಮುಂದೆ ಹೇಳುವ ಔಷಧಗಳು ಮುಖ್ಯವಾಗಿ ಆಪರೇಷನ್ನಿನಿಂದ ತೆಗೆಯಲಾಗದ, ಮತ್ತೆ ಬಂದ ಅಥವಾ ಶ್ವಾಸಕೋಶ, ಮೂಳೆಗೆ ಹರಡಿದ ಕ್ಯಾನ್ಸರಿಗೆ. "ಮಾತ್ರೆ ಬಂದಿದೆಯಂತೆ, ಆಪರೇಷನ್ ಯಾಕೆ?" ಎಂದು ತೆಗೆಯಬಹುದಾದ ಗಡ್ಡೆಯನ್ನು ಬಿಟ್ಟುಕೊಂಡು ಕೂತರೆ, ಗುಣವಾಗುವ ಅವಕಾಶವೇ ಕೈಜಾರುತ್ತದೆ. ಅರ್ಧ ಸತ್ಯದ ಫಾರ್ವರ್ಡ್ ಮಾಡುವ ದೊಡ್ಡ ಹಾನಿ ಇದೇ.

ಗುರಿ ಚಿಕಿತ್ಸೆ ಎಂದರೇನು?

ಡಾಕ್ಟರುಗಳು ಇದನ್ನು ಟಾರ್ಗೆಟೆಡ್ ಥೆರಪಿ ಎನ್ನುತ್ತಾರೆ. ಕಿಮೋ ಔಷಧ ಬೇಗ ಬೇಗ ಒಡೆದು ಹೆಚ್ಚುವ ಎಲ್ಲ ಕೋಶಗಳ ಮೇಲೂ ಬೀಳುತ್ತದೆ. ಅದರಲ್ಲಿ ಕ್ಯಾನ್ಸರ್ ಕೋಶವೂ ಇರುತ್ತದೆ, ಕೂದಲಿನ ಬುಡದ ಕೋಶವೂ ಇರುತ್ತದೆ. ಗುರಿ ಚಿಕಿತ್ಸೆ ಹಾಗಲ್ಲ. ಆ ಕ್ಯಾನ್ಸರನ್ನು ಬೆಳೆಸುತ್ತಿರುವ ಒಂದು ನಿರ್ದಿಷ್ಟ ಪ್ರೋಟೀನನ್ನು ಹುಡುಕಿ ಅದನ್ನು ತಡೆಯುತ್ತದೆ.

ಹೊಲದ ಪಂಪ್‌ಸೆಟ್ ನೆನಪಿಸಿಕೊಳ್ಳಿ. ಸ್ಟಾರ್ಟರ್ ಸಿಕ್ಕಿಹಾಕಿಕೊಂಡು ಮೋಟಾರು ನಿಲ್ಲದೆ ಓಡುತ್ತಿದ್ದರೆ ಗದ್ದೆ ತುಂಬಿ ಹರಿಯುತ್ತದೆ. ಆ ಸ್ಟಾರ್ಟರನ್ನು ಆಫ್ ಮಾಡಿದರೆ ನೀರು ನಿಲ್ಲುತ್ತದೆ. ಆದರೆ ನೀರು ಬರುತ್ತಿರುವುದು ಕಾಲುವೆ ಒಡೆದು ಎಂದಾದರೆ, ಸ್ಟಾರ್ಟರ್ ಎಷ್ಟು ಸಲ ಆಫ್ ಮಾಡಿದರೂ ಪ್ರಯೋಜನವಿಲ್ಲ. ನೀರು ಎಲ್ಲಿಂದ ಬರುತ್ತಿದೆ ಎಂದು ಮೊದಲು ನೋಡಬೇಕು. ಕ್ಯಾನ್ಸರಿನಲ್ಲಿ ಆ ನೋಡುವ ಕೆಲಸ ಪರೀಕ್ಷೆಯದು.

ಜೊಲ್ಲು ಗ್ರಂಥಿಯ ಮೂರು ಬಗೆಯ ಕ್ಯಾನ್ಸರನ್ನು ತೆಗೆದುಕೊಂಡು ಇದನ್ನು ನೋಡೋಣ.

1. ಹೆಸರು ಬದಲಾಯಿತು, ದಾರಿ ತೆರೆಯಿತು

2010ರಲ್ಲಿ ಜೆಕ್ ದೇಶದ ರೋಗಶಾಸ್ತ್ರಜ್ಞೆ ಅಲೆನಾ ಸ್ಕಾಲೊವಾ ಮತ್ತು ಸಂಗಡಿಗರು 16 ಜೊಲ್ಲು ಗ್ರಂಥಿ ಗಡ್ಡೆಗಳ ಬಗ್ಗೆ ಬರೆದರು. ಅಂಥ ಗಡ್ಡೆಗಳನ್ನು ಅದುವರೆಗೆ ಬೇರೆ ಹೆಸರಿನಿಂದ, ಹೆಚ್ಚಾಗಿ ಅಸಿನಿಕ್ ಸೆಲ್ ಕಾರ್ಸಿನೋಮ ಎಂದು ಕರೆಯುತ್ತಿದ್ದರು. ಸೂಕ್ಷ್ಮದರ್ಶಕದಲ್ಲಿ ಅವು ಸ್ತನದ ಒಂದು ಅಪರೂಪದ ಕ್ಯಾನ್ಸರನ್ನು ಹೋಲುತ್ತಿದ್ದವು. ಜೀನ್ ಪರೀಕ್ಷೆ ಮಾಡಿದಾಗ ದೋಷವೂ ಅದೇ ಎಂದು ಗೊತ್ತಾಯಿತು. 12ನೇ ಕ್ರೋಮೋಸೋಮಿನ ಇಟಿವಿ6 ಎಂಬ ಜೀನ್ ಮುರಿದು 15ನೇ ಕ್ರೋಮೋಸೋಮಿನ ಎನ್‌ಟಿಆರ್‌ಕೆ3 ಎಂಬ ಜೀನಿನೊಂದಿಗೆ ಕೂಡಿಕೊಂಡಿತ್ತು. ಈ ಗಡ್ಡೆಗೆ ಈಗ ಸೆಕ್ರೆಟರಿ ಕಾರ್ಸಿನೋಮ ಎಂದು ಹೆಸರು.

ಅಂದು ಇದು ಹೆಸರಿನ ಬದಲಾವಣೆಯಷ್ಟೇ ಅನ್ನಿಸಿರಬಹುದು. ಎಂಟು ವರ್ಷಗಳ ನಂತರ ಅದರ ಬೆಲೆ ಗೊತ್ತಾಯಿತು. ಎನ್‌ಟಿಆರ್‌ಕೆ ಜೀನ್ ಹೀಗೆ ಬೆಸೆದುಕೊಂಡಾಗ ಅದು ತಯಾರಿಸುವ ಪ್ರೋಟೀನ್ ಬಿಡುವಿಲ್ಲದೆ "ಬೆಳೆ, ಬೆಳೆ" ಎಂದು ಕೋಶಕ್ಕೆ ಹೇಳುತ್ತಿರುತ್ತದೆ. ಅದನ್ನು ಸುಮ್ಮನಾಗಿಸುವ ಔಷಧ ಲಾರೊಟ್ರೆಕ್ಟಿನಿಬ್. 2018ರಲ್ಲಿ ಪ್ರಕಟವಾದ ಅಧ್ಯಯನದಲ್ಲಿ ಇಂಥ ದೋಷವಿದ್ದ 17 ಬಗೆಯ ಕ್ಯಾನ್ಸರಿನ 55 ರೋಗಿಗಳಿದ್ದರು. ಅವರ ವಯಸ್ಸು 4 ತಿಂಗಳಿನಿಂದ 76 ವರ್ಷದವರೆಗೆ. ಅವರಲ್ಲಿ ಜೊಲ್ಲು ಗ್ರಂಥಿಯ ಗಡ್ಡೆಯವರು 12 ಮಂದಿ. ಒಟ್ಟಾರೆ ನೂರಕ್ಕೆ 75 ಜನರಲ್ಲಿ ಗಡ್ಡೆ ಗಮನಾರ್ಹವಾಗಿ ಕುಗ್ಗಿತು. ಅದೇ ವರ್ಷದ ನವೆಂಬರಿನಲ್ಲಿ ಅಮೆರಿಕದ ಔಷಧ ನಿಯಂತ್ರಣ ಸಂಸ್ಥೆ ಎಫ್‌ಡಿಎ ಇದಕ್ಕೆ ಒಪ್ಪಿಗೆ ಕೊಟ್ಟಿತು. ಒಪ್ಪಿಗೆ ಯಾವುದೋ ಒಂದು ಅಂಗದ ಹೆಸರಿನಲ್ಲಿ ಇರಲಿಲ್ಲ. ಗಡ್ಡೆ ಎಲ್ಲೇ ಇರಲಿ, ಈ ಜೀನ್ ದೋಷ ಇದ್ದರೆ ಕೊಡಬಹುದು ಎಂದಿತ್ತು. 2019ರಲ್ಲಿ ಎಂಟ್ರೆಕ್ಟಿನಿಬ್ ಎಂಬ ಇನ್ನೊಂದು ಔಷಧವೂ ಸೇರಿತು.

ಫಾರ್ವರ್ಡಿನಲ್ಲಿ ಬರದ ಎರಡು ಮಾತುಗಳು ಇಲ್ಲಿವೆ. ಮೊದಲನೆಯದು, ಸೆಕ್ರೆಟರಿ ಕಾರ್ಸಿನೋಮ ಬಹುಪಾಲು ನಿಧಾನದ ಕ್ಯಾನ್ಸರ್. ಹೆಚ್ಚಿನವರಿಗೆ ಆಪರೇಷನ್ನೇ ಸಾಕು, ಈ ಮಾತ್ರೆಯ ಅಗತ್ಯವೇ ಬೀಳುವುದಿಲ್ಲ. ಎರಡನೆಯದು, ಹಳೆಯ ಹೆಸರಿನ ವರದಿ ಹಿಡಿದುಕೊಂಡಿರುವವರಲ್ಲಿ ಕೆಲವರ ಕಾಯಿಲೆ ನಿಜವಾಗಿ ಇದೇ ಆಗಿರಬಹುದು. ಕ್ಯಾನ್ಸರ್ ಮತ್ತೆ ಬಂದಿದ್ದರೆ ಹಳೆಯ ಗಡ್ಡೆಯ ತುಣುಕನ್ನು ಮತ್ತೊಮ್ಮೆ ಪರೀಕ್ಷಿಸುವುದರಲ್ಲಿ ಅರ್ಥವಿದೆ.

2. ಸ್ತನ, ಪ್ರಾಸ್ಟೇಟ್ ಕ್ಯಾನ್ಸರಿನ ಔಷಧ ಕೆನ್ನೆಯ ಗಡ್ಡೆಗೆ?

ಸ್ಯಾಲಿವರಿ ಡಕ್ಟ್ ಕಾರ್ಸಿನೋಮ ಎಂಬುದು ಇದಕ್ಕೆ ತದ್ವಿರುದ್ಧ. ಹೆಚ್ಚಾಗಿ ವಯಸ್ಸಾದ ಗಂಡಸರಲ್ಲಿ ಬರುತ್ತದೆ, ಬೇಗ ಹರಡುತ್ತದೆ. ಇದರ ಕೋಶಗಳು ಸ್ತನ ಕ್ಯಾನ್ಸರಿನ ಕೋಶಗಳ ಹಾಗೆ ಕಾಣುತ್ತವೆ. ಸುಮಾರು ಮೂವರಲ್ಲಿ ಒಬ್ಬರ ಗಡ್ಡೆಯಲ್ಲಿ ಹರ್-2 ಎಂಬ ಪ್ರೋಟೀನ್ ವಿಪರೀತ ಇರುತ್ತದೆ. ಸ್ತನ ಕ್ಯಾನ್ಸರಿನಲ್ಲಿ ಹರ್-2 ತಡೆಯಲು 1998ರಿಂದ ಬಳಕೆಯಲ್ಲಿರುವ ಇಂಜೆಕ್ಷನ್ ಟ್ರಾಸ್ಟುಜುಮ್ಯಾಬ್. ಜಪಾನಿನಲ್ಲಿ ಹರ್-2 ಇದ್ದ 57 ಮಂದಿಗೆ ಇದನ್ನು ಡೋಸಿಟ್ಯಾಕ್ಸೆಲ್ ಎಂಬ ಕಿಮೋ ಜೊತೆ ಕೊಟ್ಟು ನೋಡಿದರು. ನೂರಕ್ಕೆ 70 ಜನರಲ್ಲಿ ಗಡ್ಡೆ ಕುಗ್ಗಿತು. ಆದರೆ ಅರ್ಧದಷ್ಟು ಮಂದಿಯಲ್ಲಿ ಸುಮಾರು 9 ತಿಂಗಳೊಳಗೆ ಕಾಯಿಲೆ ಮತ್ತೆ ಬೆಳೆಯತೊಡಗಿತು. ಎರಡು ಸಂಖ್ಯೆಯನ್ನೂ ಒಟ್ಟಿಗೆ ಓದಬೇಕು.

2024ರ ಏಪ್ರಿಲಿನಲ್ಲಿ ಎಫ್‌ಡಿಎ ಟ್ರಾಸ್ಟುಜುಮ್ಯಾಬ್ ಡೆರಕ್ಸ್‌ಟೆಕಾನ್ ಎಂಬ ಔಷಧಕ್ಕೂ ಅಂಗದ ಗಡಿ ಇಲ್ಲದ ಒಪ್ಪಿಗೆ ಕೊಟ್ಟಿತು. ಇದರಲ್ಲಿ ಹರ್-2 ಹುಡುಕುವ ಪ್ರೋಟೀನಿನ ಬೆನ್ನಿಗೆ ಕಿಮೋ ಔಷಧವನ್ನು ಕಟ್ಟಿ ಕಳಿಸುತ್ತಾರೆ. ಹರ್-2 ಪ್ರಮಾಣ ಅತಿ ಹೆಚ್ಚಿದ್ದು, ಬೇರೆ ಚಿಕಿತ್ಸೆ ಪಡೆದಾದ ಮೇಲೆ ಒಳ್ಳೆಯ ದಾರಿ ಉಳಿದಿಲ್ಲದವರಿಗೆ ಇದು.

ಇದೇ ಕ್ಯಾನ್ಸರಿನಲ್ಲಿ ಬಹುಪಾಲು ಜನರ ಗಡ್ಡೆಗೆ ಗಂಡು ಹಾರ್ಮೋನು ಗ್ರಹಿಸುವ ಪ್ರೋಟೀನೂ ಇರುತ್ತದೆ. ಆಂಡ್ರೊಜೆನ್ ರಿಸೆಪ್ಟರ್ ಎಂದು ವರದಿಯಲ್ಲಿ ಬರೆದಿರುತ್ತಾರೆ. ಇಂಥವರಿಗೆ ಪ್ರಾಸ್ಟೇಟ್ ಕ್ಯಾನ್ಸರಿನಲ್ಲಿ ಬಳಸುವ ಹಾರ್ಮೋನು ತಡೆಯುವ ಔಷಧಗಳು ಕೆಲಸಕ್ಕೆ ಬರಬಹುದು. ಜಪಾನಿನ 36 ರೋಗಿಗಳ ಅಧ್ಯಯನದಲ್ಲಿ ನೂರಕ್ಕೆ ಸುಮಾರು 42 ಜನರಲ್ಲಿ ಗಡ್ಡೆ ಕುಗ್ಗಿತು. "ಕೆನ್ನೆಯ ಗಡ್ಡೆಗೆ ಪ್ರಾಸ್ಟೇಟಿನ ಇಂಜೆಕ್ಷನ್ ಬರೆದಿದ್ದಾರೆ, ಡಾಕ್ಟರು ತಪ್ಪು ಮಾಡಿದ್ದಾರೆ" ಎಂದು ಮನೆಯವರು ಗಾಬರಿಯಾಗಬೇಕಿಲ್ಲ. ಕಾರಣ ವರದಿಯಲ್ಲೇ ಇರುತ್ತದೆ.

3. ಗುರಿ ಗೊತ್ತು, ಬಾಣ ಇನ್ನೂ ಸಿಕ್ಕಿಲ್ಲ

ಅಡೆನಾಯ್ಡ್ ಸಿಸ್ಟಿಕ್ ಕಾರ್ಸಿನೋಮ ನಿಧಾನದ್ದು, ಆದರೆ ಬಿಡದೆ ಕಾಡುವಂಥದ್ದು. ನರಗಳ ಗುಂಟ ಹರಿದು ಹೋಗುತ್ತದೆ. ಆಪರೇಷನ್ ಆಗಿ ಹತ್ತು ವರ್ಷ ದಾಟಿದ ಮೇಲೂ ಶ್ವಾಸಕೋಶದಲ್ಲಿ ಕಾಣಿಸಿಕೊಳ್ಳಬಹುದು. "ಐದು ವರ್ಷ ಆಯಿತು, ಇನ್ನು ಚೆಕಪ್ ಬೇಡ" ಎನ್ನುವುದು ಈ ಕಾಯಿಲೆಯಲ್ಲಿ ಸರಿಯಲ್ಲ. ಇದರಲ್ಲೂ ಎರಡು ಜೀನುಗಳ ಬೆಸುಗೆ ಸಾಮಾನ್ಯ. ಅವು ಮಿಬ್ ಮತ್ತು ಎನ್‌ಎಫ್‌ಐಬಿ. ದೋಷ ಗೊತ್ತಿದ್ದರೂ ಅದನ್ನು ನೇರವಾಗಿ ತಡೆಯುವ, ಒಪ್ಪಿಗೆ ಪಡೆದ ಔಷಧ ಇನ್ನೂ ಬಂದಿಲ್ಲ.

ಗಡ್ಡೆಗೆ ಹೊಸ ರಕ್ತನಾಳ ಬೆಳೆಯದಂತೆ ತಡೆಯುವ ಮಾತ್ರೆಗಳನ್ನು ಇಲ್ಲಿ ಕೊಡುವುದುಂಟು. ದಕ್ಷಿಣ ಕೊರಿಯಾದಲ್ಲಿ 60 ರೋಗಿಗಳನ್ನು ಎರಡು ಗುಂಪು ಮಾಡಿ, ಒಂದು ಗುಂಪಿಗೆ ಆಕ್ಸಿಟಿನಿಬ್ ಕೊಟ್ಟು ಇನ್ನೊಂದನ್ನು ಔಷಧವಿಲ್ಲದೆ ಗಮನಿಸಿದರು. ಆರು ತಿಂಗಳ ನಂತರ ಕಾಯಿಲೆ ಮುಂದುವರಿಯದೆ ಇದ್ದವರು ಔಷಧದ ಗುಂಪಿನಲ್ಲಿ ನೂರಕ್ಕೆ 73, ಇನ್ನೊಂದರಲ್ಲಿ 23. ಲೆನ್ವಾಟಿನಿಬ್ ಎಂಬ ಇನ್ನೊಂದು ಮಾತ್ರೆಯಲ್ಲಿ ಗಡ್ಡೆ ಗಮನಾರ್ಹವಾಗಿ ಕುಗ್ಗಿದ್ದು ನೂರಕ್ಕೆ ಸುಮಾರು 16 ಜನರಲ್ಲಿ ಮಾತ್ರ. ಈ ಮಾತ್ರೆಗಳ ಮುಖ್ಯ ಲಾಭ ಗಡ್ಡೆಯನ್ನು ಮಾಯ ಮಾಡುವುದಲ್ಲ, ಇದ್ದಲ್ಲೇ ತಡೆದು ನಿಲ್ಲಿಸುವುದು. ಗಡ್ಡೆ ಬಹಳ ನಿಧಾನವಾಗಿದ್ದು ತೊಂದರೆ ಕೊಡದಿದ್ದರೆ, ಔಷಧವಿಲ್ಲದೆ ಆಗಾಗ ಸ್ಕ್ಯಾನ್ ಮಾಡಿ ನೋಡುತ್ತಿರುವುದೂ ಒಂದು ಸರಿಯಾದ ತೀರ್ಮಾನ. ಅದು ಡಾಕ್ಟರು ಕೈಬಿಟ್ಟಿದ್ದಲ್ಲ.

"ಅಡ್ಡಪರಿಣಾಮವೇ ಇಲ್ಲ" ಎನ್ನುವುದು ನಿಜವೇ?

ಅಲ್ಲ. ಕಿಮೋದಷ್ಟು ಕೂದಲು ಉದುರದಿರಬಹುದು, ಆದರೆ ಪ್ರತಿ ಔಷಧಕ್ಕೂ ಅದರದೇ ತೊಂದರೆಗಳಿವೆ. ಲಾರೊಟ್ರೆಕ್ಟಿನಿಬ್‌ನಿಂದ ತಲೆಸುತ್ತು, ಸುಸ್ತು, ಲಿವರ್ ಪರೀಕ್ಷೆಯಲ್ಲಿ ಏರುಪೇರು. ಟ್ರಾಸ್ಟುಜುಮ್ಯಾಬ್ ಕೊಡುವಾಗ ಹೃದಯದ ಎಕೋ ಪರೀಕ್ಷೆ ಮಾಡುತ್ತಿರಬೇಕು. ಡೆರಕ್ಸ್‌ಟೆಕಾನ್ ಬಗೆಯದರಲ್ಲಿ ಶ್ವಾಸಕೋಶದ ಉರಿಯೂತದ ಅಪಾಯವಿದೆ, ಹೊಸದಾಗಿ ಕೆಮ್ಮು, ಉಬ್ಬಸ ಕಂಡರೆ ಅದೇ ದಿನ ತಿಳಿಸಬೇಕು. ರಕ್ತನಾಳ ತಡೆಯುವ ಮಾತ್ರೆಗಳು ಬಿಪಿ ಏರಿಸುತ್ತವೆ. ಹಾರ್ಮೋನು ಔಷಧದಿಂದ ಮೈ ಬಿಸಿಯೇರುವುದು, ಮೂಳೆ ಸವೆಯುವುದು ಉಂಟು.

ಕ್ಯಾನ್ಸರೂ ಸುಮ್ಮನಿರುವುದಿಲ್ಲ. ಎಷ್ಟೋ ಜನರಲ್ಲಿ ಕೋಶಗಳು ಇನ್ನಷ್ಟು ಬದಲಾಗಿ ಔಷಧದಿಂದ ತಪ್ಪಿಸಿಕೊಳ್ಳುತ್ತವೆ. ಎನ್‌ಟಿಆರ್‌ಕೆ ದೋಷಕ್ಕೆ ಮುಂದಿನ ಪೀಳಿಗೆಯ ಔಷಧ ರೆಪೊಟ್ರೆಕ್ಟಿನಿಬ್‌ಗೆ 2024ರಲ್ಲಿ ಎಫ್‌ಡಿಎ ಒಪ್ಪಿಗೆ ಕೊಟ್ಟಿದೆ. ಆದರೂ ಹರಡಿದ ಕ್ಯಾನ್ಸರಿನಲ್ಲಿ ಇವು ಹೆಚ್ಚಾಗಿ ಕೊಡುವುದು ಸಮಯ. ಕೆಲವರಿಗೆ ತಿಂಗಳುಗಳು, ಕೆಲವರಿಗೆ ವರ್ಷಗಳು.

ನಮ್ಮಲ್ಲಿ ಖರ್ಚು, ದಾರಿ

ಈ ಔಷಧಗಳಲ್ಲಿ ಹಲವು ತುಂಬಾ ದುಬಾರಿ. ಎಲ್ಲವೂ ಒಂದೇ ಅಲ್ಲ ಎಂಬುದೂ ನಿಜ. ಟ್ರಾಸ್ಟುಜುಮ್ಯಾಬ್‌ಗೆ ಸಮಾನವಾದ ಬಯೋಸಿಮಿಲರ್ ಔಷಧವನ್ನು ಬೆಂಗಳೂರಿನ ಬಯೋಕಾನ್ 2014ರಲ್ಲೇ ಭಾರತದ ಮಾರುಕಟ್ಟೆಗೆ ತಂದಿತು. 2024ರ ಜುಲೈ ಬಜೆಟ್ಟಿನಲ್ಲಿ ಕೇಂದ್ರ ಸರ್ಕಾರ ಮೂರು ಕ್ಯಾನ್ಸರ್ ಔಷಧಗಳ ಆಮದು ಸುಂಕವನ್ನು ಪೂರ್ತಿ ತೆಗೆದಾಗ ಅದರಲ್ಲಿ ಟ್ರಾಸ್ಟುಜುಮ್ಯಾಬ್ ಡೆರಕ್ಸ್‌ಟೆಕಾನ್ ಕೂಡ ಇತ್ತು. ಹಾರ್ಮೋನು ತಡೆಯುವ ಔಷಧಗಳು ಹಳೆಯವು, ಹೋಲಿಕೆಯಲ್ಲಿ ಅಗ್ಗ.

ಅಪರೂಪದ ಕ್ಯಾನ್ಸರಿನಲ್ಲಿ ಮನೆ ಹತ್ತಿರದ ಆಸ್ಪತ್ರೆಗಿಂತ ಇಂಥ ರೋಗಿಗಳನ್ನು ಹೆಚ್ಚು ನೋಡುವ ಕೇಂದ್ರದಲ್ಲಿ ಒಮ್ಮೆ ತೋರಿಸುವುದು ಒಳ್ಳೆಯದು. ಬೆಂಗಳೂರಿನ ಕಿದ್ವಾಯಿ, ಮುಂಬೈನ ಟಾಟಾ ಸ್ಮಾರಕ ಆಸ್ಪತ್ರೆ ಅಂಥವು. ಆಯುಷ್ಮಾನ್ ಭಾರತ್ ಆರೋಗ್ಯ ಕರ್ನಾಟಕ ಯೋಜನೆಯಲ್ಲಿ ನಿಮ್ಮ ಚಿಕಿತ್ಸೆಯ ಯಾವ ಭಾಗ ಸೇರುತ್ತದೆ ಎಂದು ಆಸ್ಪತ್ರೆಯ ಸಹಾಯ ಕೇಂದ್ರದಲ್ಲಿ ಮೊದಲೇ ಕೇಳಿ. ಸಾಲ ಮಾಡುವ ಮುಂಚೆ ಕೇಳಿ.

ಡಾಕ್ಟರ ಬಳಿ ಕೇಳಬೇಕಾದ ಐದು ಪ್ರಶ್ನೆ

• ಜೊಲ್ಲು ಗ್ರಂಥಿಯ ಕ್ಯಾನ್ಸರಿನಲ್ಲಿ ಇದು ಯಾವ ಬಗೆ? ಪೂರ್ತಿ ಹೆಸರು ಬರೆದುಕೊಡಿ.
• ಆಪರೇಷನ್ ಮಾಡಿ ತೆಗೆಯಲು ಆಗುತ್ತದೆಯೇ?
• ಹರ್-2, ಆಂಡ್ರೊಜೆನ್ ರಿಸೆಪ್ಟರ್, ಎನ್‌ಟಿಆರ್‌ಕೆ ಪರೀಕ್ಷೆ ನಮಗೆ ಬೇಕೇ? ಮಾಡಿದ್ದರೆ ಫಲಿತಾಂಶವೇನು?
• ಈ ಔಷಧದಿಂದ ನಾವು ನಿರೀಕ್ಷಿಸುವುದು ಏನು? ಗುಣವೋ, ಕುಗ್ಗುವುದೋ, ನಿಲ್ಲಿಸುವುದೋ?
• ಕೆಲಸ ಮಾಡುತ್ತಿದೆ ಎಂದು ಯಾವಾಗ, ಹೇಗೆ ಗೊತ್ತಾಗುತ್ತದೆ?

ಇದರ ಜೊತೆ ಒಂದು ಕೆಲಸ ಮಾಡಿ. ಬಯಾಪ್ಸಿ ಅಥವಾ ಆಪರೇಷನ್ನಿನಲ್ಲಿ ತೆಗೆದ ಗಡ್ಡೆಯ ತುಣುಕನ್ನು ಲ್ಯಾಬಿನವರು ಮೇಣದಲ್ಲಿ ಹುದುಗಿಸಿ ಇಟ್ಟಿರುತ್ತಾರೆ. ಅದಕ್ಕೆ ಬ್ಲಾಕ್ ಎನ್ನುತ್ತಾರೆ. ಬೇರೆ ಆಸ್ಪತ್ರೆಗೆ ಹೋಗುವಾಗ ಬ್ಲಾಕ್ ಮತ್ತು ಸ್ಲೈಡುಗಳನ್ನು ಕೇಳಿ ಪಡೆಯಿರಿ. ವರದಿಯ ಫೋಟೋ ಮಾತ್ರ ಇದ್ದರೆ ಹೊಸ ಪರೀಕ್ಷೆ ಮಾಡಲು ಆಗುವುದಿಲ್ಲ, ಬ್ಲಾಕ್ ಇದ್ದರೆ ಎಷ್ಟೋ ಸಲ ಮತ್ತೆ ಸೂಜಿ ಚುಚ್ಚುವುದೇ ತಪ್ಪುತ್ತದೆ.

"ಸೂಜಿ ಚುಚ್ಚಿದರೆ ಕ್ಯಾನ್ಸರ್ ಹರಡುತ್ತದೆ" ಎಂಬ ಭಯದಿಂದ ಪರೀಕ್ಷೆ ಮುಂದೂಡುವವರಿದ್ದಾರೆ. ಜೊಲ್ಲು ಗ್ರಂಥಿಯ ಗಡ್ಡೆಯನ್ನು ಸಾಮಾನ್ಯವಾಗಿ ತೀರಾ ಸಣ್ಣ ಸೂಜಿಯಿಂದ ಪರೀಕ್ಷಿಸುತ್ತಾರೆ, ಅದು ಸುರಕ್ಷಿತ. ಅಪಾಯ ಇರುವುದು ಗಡ್ಡೆಯನ್ನು ಯಾರ ಬಳಿಯೋ ಕೊಯ್ಯಿಸುವುದರಲ್ಲಿ, ಹಿಂಡಿಸುವುದರಲ್ಲಿ ಮತ್ತು ಲೇಪ ಹಚ್ಚುತ್ತಾ ತಿಂಗಳು ಕಳೆಯುವುದರಲ್ಲಿ.

ಇನ್ನೊಂದು ಆತಂಕ, "ಜೀನ್ ದೋಷ ಅಂದರೆ ಮಕ್ಕಳಿಗೂ ಬರುತ್ತದೆಯೇ?" ನಾವು ಮೇಲೆ ಹೇಳಿದ ಜೀನ್ ಬೆಸುಗೆಗಳು ಗಡ್ಡೆಯ ಕೋಶಗಳಲ್ಲಿ ಮಾತ್ರ ಆಗಿರುವಂಥವು. ಅಪ್ಪ ಅಮ್ಮನಿಂದ ಮಕ್ಕಳಿಗೆ ಹೋಗುವುದಿಲ್ಲ.

ಮುಂದಿನ ಫಾರ್ವರ್ಡ್ ಬಂದಾಗ

"ಕ್ಯಾನ್ಸರಿಗೆ ಹೊಸ ಔಷಧ" ಎಂಬ ಸಂದೇಶ ಬಂದಾಗ ಮೂರು ವಿಷಯ ಹುಡುಕಿ. ಯಾವ ಕ್ಯಾನ್ಸರ್, ಅದರಲ್ಲೂ ಯಾವ ಬಗೆ ಎಂದು ಬರೆದಿದೆಯೇ? ಯಾವ ಪರೀಕ್ಷೆಯಲ್ಲಿ ಏನಿದ್ದರೆ ಕೊಡಬೇಕು ಎಂದಿದೆಯೇ? ಎಷ್ಟು ಜನರಿಗೆ ಕೊಟ್ಟು, ಎಷ್ಟು ಕಾಲ ನೋಡಿದ್ದಾರೆ ಎಂದಿದೆಯೇ? ಮೂರೂ ಇಲ್ಲದಿದ್ದರೆ ಅದನ್ನು ಮುಂದೆ ಕಳಿಸಬೇಡಿ. ಆ ಗ್ರೂಪಿನಲ್ಲೇ ಯಾರೋ ಒಬ್ಬರು ನಾಳೆ ಆಪರೇಷನ್ನಿಗೆ ಹೋಗಬೇಕೋ ಬೇಡವೋ ಎಂದು ಯೋಚಿಸುತ್ತಾ ಕೂತಿರಬಹುದು.

ಮನೆಯಲ್ಲಿ, ಪರಿಚಯದಲ್ಲಿ ಯಾರಿಗಾದರೂ ಕಿವಿಯ ಮುಂದೆ, ದವಡೆಯ ಕೆಳಗೆ ಅಥವಾ ಅಂಗಳಿನಲ್ಲಿ ಎರಡು ಮೂರು ವಾರದಿಂದ ಇಳಿಯದ ಗಂಟು ಇದ್ದರೆ, ಕಿವಿ ಮೂಗು ಗಂಟಲಿನ ಡಾಕ್ಟರಿಗೆ ತೋರಿಸಲು ಹೇಳಿ. ಅದು ಕ್ಯಾನ್ಸರ್ ಅಲ್ಲದಿರುವ ಸಾಧ್ಯತೆಯೂ ಸಾಕಷ್ಟಿದೆ. ಕ್ಯಾನ್ಸರೇ ಆಗಿದ್ದರೆ ಬೇಗ ತೋರಿಸಿದವರಿಗೆ ಈ ಹೊಸ ಔಷಧಗಳ ಅಗತ್ಯವೇ ಬೀಳದಿರಬಹುದು.

ಈ ಲೇಖನ ತಿಳಿವಳಿಕೆಗಾಗಿ. ಚಿಕಿತ್ಸೆಯ ತೀರ್ಮಾನವನ್ನು ನಿಮ್ಮ ಡಾಕ್ಟರ ಜೊತೆ ಮಾತನಾಡಿಯೇ ತೆಗೆದುಕೊಳ್ಳಿ.